ಬೋರಲು ಕ್ಯಾನಿನ ಲೆಕ್ಕ: ನನ್ನ ಅನುಭವ

ಅಂಡಮಾನಿನ ಬಾರಾತಂಗ್‌ನಲ್ಲಿ ಕೆಸರು ಜ್ವಾಲಾಮುಖಿ ನೋಡಿದವರು ‘ಇಷ್ಟೇನಾ’ ಎನ್ನುತ್ತಾರೆ. ಬೆಂಕಿಯಿಲ್ಲ, ಲಾವಾ ಇಲ್ಲ. ಬೂದು ಕೆಸರು, ಅದರಲ್ಲೊಂದು ಗುಳ್ಳೆ. ನನಗೆ ಮಾತ್ರ ಸಕಲೇಶಪುರದ ನಮ್ಮ ಕಾಫಿ ತೋಟದ ಪಲ್ಪಿಂಗ್ ಹೊಂಡ, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಕೊಳೆ ನೀರು ನಿಲ್ಲುವ ಹೊಂಡ, ನೆನಪಾಯಿತು. ಕೆಸರು ಜ್ವಾಲಾಮುಖಿಯಿಂದ ಏಳುವುದು ಬಹುಪಾಲು ಮೀಥೇನ್. ಅಳೆಯುವವರು ಅದರ ಮೇಲೆ ಡಬ್ಬಿ ಬೋರಲು ಹಾಕಿ ಅನಿಲ ಎಷ್ಟು ಬೇಗ ತುಂಬುತ್ತದೆಂದು ನೋಡುತ್ತಾರೆ. ಅನಿಲ ಹಿಡಿದು ಒಲೆಗೆ ಬಳಸಲು ಹೊಂಡಕ್ಕೆ ಹೊದಿಕೆ ಹಾಕಿಸಿದರೆ ಗಿಟ್ಟೀತೇ ಎಂಬ ಪ್ರಶ್ನೆ ನನ್ನದಿತ್ತು. ಒಂದು ದಿನದ ಅಳತೆಗೆ ಹೊರಗಿನವರು ಕೇಳಿದ್ದು ಅರವತ್ತು ಸಾವಿರ.

ಮೊದಲು ಹದಿನೆಂಟು ಸಾವಿರ ಕೊಟ್ಟು ಸೋರಿಕೆ ಪತ್ತೆಯ ಮೀಟರ್ ತಂದೆ. ಹೊಂಡದ ಹತ್ತಿರ ಹೋದರೆ ಕಿರುಚುವುದೊಂದೇ ಅದರ ಕೆಲಸ. ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ ತಗುಲಿ ಎರಡನೇ ವಾರಕ್ಕೆ ಅದೂ ನಿಂತಿತು. ಆಮೇಲೆ ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನುಗಳ ತಳ ಕತ್ತರಿಸಿ, ಅನಿಲ ಹಿಡಿಯಲು ಹೊಂಡದ ನೀರಿಗೆ ಇಳಿಸಿದೆ. ಕಲ್ಲು ಕಟ್ಟದಿದ್ದರೆ ಅನಿಲ ತುಂಬಿದ ಕ್ಯಾನ್ ಮಗುಚಿಕೊಳ್ಳುತ್ತದೆ; ಮೂರು ರಾತ್ರಿಯ ಲೆಕ್ಕ ಹಾಗೇ ಹೋಯಿತು. ಒಳಗಿನ ನೀರು, ಹೊರಗಿನ ನೀರು ಸಮನಾದ ಮೇಲೆಯೇ ಓದಬೇಕು.

ಹೆಚ್ಚು ಸತಾಯಿಸಿದ್ದು ನಮ್ಮದೇ ಕಾಲು. ಅಂಚಿನ ಕೆಸರನ್ನು ತುಳಿದರೆ ಅಡಗಿದ್ದ ಗುಳ್ಳೆಗಳೆಲ್ಲ ಒಮ್ಮೆಗೇ ಏಳುತ್ತವೆ. ಎರಡೂ ದಡದಿಂದ ಹಗ್ಗ ಎಳೆದು ಕ್ಯಾನ್ ನಿಲ್ಲಿಸಿದ ಮೇಲೆ ಅಳತೆ ನೆಟ್ಟಗಾಯಿತು. ಗುಳ್ಳೆ ಏಳುವ ಕಡೆ ಒಂದು ಕ್ಯಾನಿಗೆ ದಿನಕ್ಕೆ ಒಂಬತ್ತು ಲೀಟರ್. ಕ್ಯಾನಿನ ಬಾಯಿಯ ಅಗಲ ಹಿಡಿದು ಅದನ್ನೇ ಹೊಂಡದ ಅರವತ್ತು ಚದರ ಮೀಟರಿಗೂ ಗುಣಿಸಿದಾಗ ಒಂಬತ್ತು ಘನ ಮೀಟರ್ ದಾಟಿತು. ‘ಹಾಗಾದರೆ ಊರಿಗೇ ಗ್ಯಾಸ್ ಕೊಡಿ’ ಎಂದಳು ಹೆಂಡತಿ. ಗುಳ್ಳೆ ಇದ್ದದ್ದು ಕಾಲು ಭಾಗದಲ್ಲಿ ಮಾತ್ರ. ಸುಮ್ಮನಿದ್ದಂತೆ ಕಂಡ ಕಡೆಯೂ ಕ್ಯಾನಿಗೆ ಒಂದೂವರೆ ಲೀಟರ್ ಸಿಕ್ಕಿತು. ಎಲ್ಲ ಕೂಡಿದರೆ ಮೂರೂವರೆ ಘನ ಮೀಟರ್; ಅದರಲ್ಲಿ ಮೂರನೇ ಒಂದು ಭಾಗ ಆ ಮೌನದ ಜಾಗದ್ದೇ.

ಮೀಥೇನ್ ಎಷ್ಟೆಂದು ತಿಳಿಯಲು ಅರವತ್ತು ಮಿಲಿಲೀಟರಿನ ಸಿರಿಂಜ್ ಸಾಕು: ಐವತ್ತು ಅನಿಲ, ಹತ್ತು ಕಾಸ್ಟಿಕ್ ಸೋಡಾದ ನೀರು, ಚೆನ್ನಾಗಿ ಕುಲುಕುವುದು. ಆ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿ ಮೀಥೇನನ್ನು ಬಿಡುತ್ತದೆ. ಮೂವತ್ತರ ಆಸುಪಾಸು ಉಳಿಯಿತು, ಅಂದರೆ ನೂರಕ್ಕೆ ಅರವತ್ತು. ಮುಂಚೆ ಅನಿಲವನ್ನು ಬರೀ ನೀರಿನ ಬಾಟಲಿಯಲ್ಲಿ ಹಿಡಿದಿಟ್ಟಿದ್ದರಿಂದ ಇಂಗಾಲದ ಡೈಆಕ್ಸೈಡ್ ಕರಗಿ, ಮೀಥೇನ್ ನೂರಕ್ಕೆ ಎಂಬತ್ತರಷ್ಟು ಎಂದು ಬೀಗಿದ್ದೆ. ಈಗ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರನ್ನೇ ಬಳಸುತ್ತೇನೆ. ಕ್ಯಾನಿನ ಕತ್ತಿಗೆ ಸೂಜಿ ಚುಚ್ಚಿದರೂ ಸೋರದಂತೆ ಏನು ಹಚ್ಚಿದ್ದೇನೆಂಬುದನ್ನು ಮಾತ್ರ ಬರೆಯಲಾರೆ. ಎರಡು ವರ್ಷ ತಿಂದ ವಿದ್ಯೆ ಅದು.

ಸುಣ್ಣ ಹಾಕದ ಹುಳಿ ಹೊಂಡದಲ್ಲೂ ನೋಡಿದೆ. ಗುಳ್ಳೆ ಬೇಕಾದಷ್ಟು, ಉರಿಯುವುದು ಮಾತ್ರ ಇಲ್ಲ; ಅದರಲ್ಲಿ ಮೀಥೇನ್ ಕಡಿಮೆ.

ಕ್ಯಾನು, ಹಗ್ಗ, ಸಿರಿಂಜ್ ಎಲ್ಲ ಸೇರಿ ಎರಡು ಸಾವಿರದ ಒಳಗೇ ಮುಗಿಯಿತು. ಹತ್ತು ದಿನಕ್ಕೊಂದು ಸಿಲಿಂಡರ್ ಉಳಿದೀತು ಎಂಬುದು ನನ್ನ ಲೆಕ್ಕ. ಹೊದಿಕೆ ಹಾಕಿದ ಮೇಲೆ ಪಲ್ಪಿಂಗ್ ಕಾಲದಲ್ಲಿ ಹನ್ನೆರಡು ದಿನಕ್ಕೊಂದು ಉಳಿಯುತ್ತಿದೆ. ಕೆಳಗಿನ ಗದ್ದೆಯಲ್ಲಿ ಅಳತೆಗೆಂದು ಇಟ್ಟ ಎರಡು ಕ್ಯಾನು ರಾತ್ರೋರಾತ್ರಿ ಕಾಣೆಯಾದವು. ಈ ಸಲ ಹೆಸರು ಬರೆಸಿ ಇಡುತ್ತೇನೆ.