ಮುಂದಿನ ಆರ್ಡರ್ ಯಾವಾಗ ಹಾಕಬೇಕು? ಸಪ್ಲೈ ಚೈನ್‌ನ ಮೊದಲ ಪಾಠ

ಗೋದಾಮುಗಳ ಲೆಕ್ಕ ನೋಡಲು ಕೂತಾಗಲೆಲ್ಲ ನನಗೆ ಕಾಣುವುದು ಹೆಚ್ಚುಕಡಿಮೆ ಒಂದೇ ಚಿತ್ರ. ಯಾರೂ ಕೇಳದ ಮಾಲು ಚಾವಣಿ ಮುಟ್ಟಿರುತ್ತದೆ. ಗಿರಾಕಿ ದಿನಾ ಕೇಳುವ ಮಾಲು ಮಾತ್ರ 'ನಾಳೆ ಬರುತ್ತದೆ'. ಕಷ್ಟಪಟ್ಟು ದುಡಿಯುವವರೇ ಹೀಗೆ ಸಿಕ್ಕಿಹಾಕಿಕೊಳ್ಳುವುದನ್ನು ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ.

ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಎಂಬ ಹೆಸರು ಬಳಕೆಗೆ ಬಂದದ್ದು 1982ರಲ್ಲಿ, ಕೀತ್ ಆಲಿವರ್ ಎಂಬ ಸಲಹೆಗಾರರಿಂದ. ಕೆಲಸ ಮಾತ್ರ ವ್ಯಾಪಾರದಷ್ಟೇ ಹಳೆಯದು. ಬೇಕಾದ ಮಾಲು, ಬೇಕಾದ ಹೊತ್ತಿಗೆ, ಬೇಕಾದಷ್ಟು ಕೈಸೇರಬೇಕು, ಅಷ್ಟೇ.

ಮೊದಲು ಒಂದು ಹಾಳೆಯಲ್ಲಿ ಚಿತ್ರ ಬರೆಯಿರಿ. ನಿಮಗೆ ಮಾಲು ಕೊಡುವವರು ಯಾರು, ಅವರಿಗೆ ಕೊಡುವವರು ಯಾರು, ನಿಮ್ಮಿಂದ ಕೊಳ್ಳುವವರು ಯಾರು. ಹಿಂದಕ್ಕೆ ಎರಡು ಮೆಟ್ಟಿಲಾದರೂ ಹೋಗಿ.

ಆಮೇಲೆ ಸ್ಟಾಕ್ ಎಣಿಸಿ. ಕೈಯಿಂದ ಮುಟ್ಟಿ ಎಣಿಸಿ, ಕಂಪ್ಯೂಟರ್ ಹೇಳಿದ್ದನ್ನು ಸುಮ್ನೆ ನಂಬಬೇಡಿ.

ಈಗ ಎಲ್ಲರೂ ಎಡವುವ ಜಾಗ: ಮತ್ತೆ ಆರ್ಡರ್ ಹಾಕುವುದು ಯಾವಾಗ? ಇದಕ್ಕೆ ಮೊದಲು ಲೀಡ್ ಟೈಮ್, ಅಂದರೆ ಮಾಲು ಕೈಸೇರಲು ಹಿಡಿಯುವ ಒಟ್ಟು ದಿನ, ಸರಿಯಾಗಿ ಗೊತ್ತಿರಬೇಕು. ಸಪ್ಲೈಯರ್ 'ಹತ್ತು ದಿನ' ಅನ್ನುವುದು ಅವರ ಬಾಗಿಲಿಂದ ಮಾಲು ಹೊರಡುವವರೆಗಿನ ಮಾತು ಆಗಿರಬಹುದು. ನಿಮ್ಮ ಲೆಕ್ಕ ಶುರುವಾಗಬೇಕಾದ್ದು ಸ್ಟಾಕ್ ಕಡಿಮೆಯಾಗಿದೆ ಎಂದು ಗೊತ್ತಾದ ದಿನದಿಂದ, ಮುಗಿಯಬೇಕಾದ್ದು ಮಾಲು ಬಂದು, ಪರೀಕ್ಷೆಯಾಗಿ, ಮಾರಲು ತಯಾರಾಗಿ ಕೂತ ದಿನಕ್ಕೆ. ಒಪ್ಪಿಗೆಗೆ ಕಾದ ಎರಡು ದಿನ, ಇಳಿಸಿದ ಮೇಲೆ ಪೆಟ್ಟಿಗೆ ಬಿಚ್ಚದೆ ಬಿಟ್ಟ ಮೂರು ದಿನ, ಎಲ್ಲವೂ ಅದರಲ್ಲಿ ಸೇರಬೇಕು. ಹಿಂದಿನ ಹತ್ತು ಆರ್ಡರ್‌ಗಳ ತಾರೀಕು ತೆಗೆದು ನೋಡಿ. ಸರಾಸರಿ ಎಷ್ಟು, ಅತಿ ತಡವಾದದ್ದು ಎಷ್ಟು, ಎರಡನ್ನೂ ಬರೆದುಕೊಳ್ಳಿ.

ಒಂದು ಉದಾಹರಣೆ. ದಿನಕ್ಕೆ ಸರಾಸರಿ 20 ಪೆಟ್ಟಿಗೆ ಖರ್ಚಾಗುತ್ತದೆ, ಮಾಲು ಬರಲು ಸರಾಸರಿ 10 ದಿನ ಬೇಕು. ಅಂದರೆ 200 ಪೆಟ್ಟಿಗೆ ಉಳಿದಾಗ ಆರ್ಡರ್ ಹಾಕಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ದಿನಕ್ಕೆ 30 ಖರ್ಚಾದ ದಿನಗಳೂ ಇವೆ, ಬರಲು 15 ದಿನ ಹಿಡಿದ ಆರ್ಡರ್ ಕೂಡ ಇದೆ. ಎರಡೂ ಒಟ್ಟಿಗೆ ಬಂದರೆ 450 ಬೇಕು. ಈ 450ರಲ್ಲಿ 200 ಕಳೆದರೆ ಉಳಿಯುವ 250 ನಿಮ್ಮ ಸೇಫ್ಟಿ ಸ್ಟಾಕ್, ಅಂದರೆ ಕಷ್ಟದ ದಿನಕ್ಕೆಂದು ಇಟ್ಟ ಹೆಚ್ಚುವರಿ ಮಾಲು. ಸ್ಟಾಕ್ 450ಕ್ಕೆ ಇಳಿದ ದಿನವೇ ಆರ್ಡರ್ ಹೋಗಬೇಕು. ಬೇಗ ಕೆಡುವ ಅಥವಾ ತುಂಬಾ ದುಬಾರಿ ಮಾಲಿಗೆ ಇದು ಜಾಸ್ತಿಯಾಗುತ್ತದೆ, ಅಲ್ಲಿ ಸ್ವಲ್ಪ ಇಳಿಸಿ. ಶುರು ಮಾಡುವವರಿಗೆ ಮಾತ್ರ ನಾನು ಇದೇ ಲೆಕ್ಕ ಹೇಳಿಕೊಡುತ್ತೇನೆ, ಏಕೆಂದರೆ ಪೆನ್ನು ಕಾಗದದಲ್ಲೇ ಮುಗಿಯುತ್ತದೆ.

ಎಲ್ಲ ಸರಕಿಗೂ ಲೀಡ್ ಟೈಮ್ 'ಏಳು ದಿನ' ಎಂದು ಮೊದಲೇ ತುಂಬಿಸಿಟ್ಟ ಆ್ಯಪ್‌ಗಳಿವೆ. ಆ ಅಂಕಿ ಬದಲಾಯಿಸದೆ ಬಳಸುವುದಾದರೆ ಬಳಸಲೇಬೇಡಿ, ಒಂದು ನೋಟ್‌ಬುಕ್ ಅದಕ್ಕಿಂತ ಒಳ್ಳೆಯದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆರ್ಡರ್ ಹಾಕಿ ಇನ್ನೂ ಬಾರದ ಮಾಲನ್ನು ಮರೆತುಬಿಡುವುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಬಿಯರ್ ಗೇಮ್' ಎಂಬ ಆಟ ಇದನ್ನು ಚೆನ್ನಾಗಿ ತೋರಿಸುತ್ತದೆ. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ, ಹೀಗೆ ನಾಲ್ಕು ಜನ ಆಡುತ್ತಾರೆ. ಗಿರಾಕಿಯ ಬೇಡಿಕೆ ಒಂದೇ ಒಂದು ಸಲ, ವಾರಕ್ಕೆ 4ರಿಂದ 8 ಪೆಟ್ಟಿಗೆಗೆ ಏರುತ್ತದೆ. ಮಾಲು ಬರಲು ತಡವಾಗುತ್ತಿದ್ದಂತೆ ಆಡುವವರು ಗಾಬರಿಯಾಗಿ ಮತ್ತೆ ಮತ್ತೆ ಆರ್ಡರ್ ಹಾಕುತ್ತಾರೆ, ದಾರಿಯಲ್ಲಿರುವುದನ್ನು ಎಣಿಸುವುದೇ ಇಲ್ಲ, ಕೊನೆಗೆ ಕಾರ್ಖಾನೆ ತಲುಪುವ ಹೊತ್ತಿಗೆ ಆ ಸಣ್ಣ ಏರಿಕೆ ದೊಡ್ಡ ಅಲೆಯಾಗಿರುತ್ತದೆ. ಇದಕ್ಕೆ ಬುಲ್‌ವಿಪ್ (ಚಾವಟಿ) ಪರಿಣಾಮ ಎನ್ನುತ್ತಾರೆ. ಹಾಗಾಗಿ 450ಕ್ಕೆ ಇಳಿಯಿತೇ ಎಂದು ನೋಡುವಾಗ ಕೈಯಲ್ಲಿರುವುದಕ್ಕೆ ದಾರಿಯಲ್ಲಿರುವುದನ್ನೂ ಕೂಡಿಸಿ, ಗಿರಾಕಿಗೆ ಕೊಡಲು ಬಾಕಿ ಇರುವುದನ್ನು ಕಳೆಯಿರಿ. ನಿಮ್ಮ ನಿಜವಾದ ಮಾರಾಟದ ಅಂಕಿಯನ್ನು ಸಪ್ಲೈಯರ್‌ಗೂ ವಾರಕ್ಕೊಮ್ಮೆ ಕಳಿಸಿ. ಗುಟ್ಟು ಮಾಡಿದರೆ ಅವರು ಊಹೆ ಮಾಡುತ್ತಾರೆ, ಆ ಊಹೆಯ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಮುಂದಿನದು, ಇನ್ನೊಬ್ಬ ಸಪ್ಲೈಯರ್. 2000ದ ಮಾರ್ಚ್‌ನಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಫಿಲಿಪ್ಸ್‌ನ ಚಿಪ್ ಕಾರ್ಖಾನೆಯಲ್ಲಿ ಸಿಡಿಲಿನಿಂದಾಗಿ ಬೆಂಕಿ ಹತ್ತಿತು. ಬೆಂಕಿ ಬೇಗ ಆರಿತು, ಆದರೆ ಹೊಗೆ ಮತ್ತು ನೀರಿನಿಂದ ಚಿಪ್ ತಯಾರಿಸುವ ಶುದ್ಧ ಕೋಣೆಗಳು ಹಾಳಾದವು. ಅಲ್ಲಿಂದ ಚಿಪ್ ಕೊಳ್ಳುತ್ತಿದ್ದ ಎರಡು ಮೊಬೈಲ್ ಕಂಪನಿಗಳಲ್ಲಿ ನೋಕಿಯಾ ತಕ್ಷಣ ಎಚ್ಚೆತ್ತು ಬೇರೆ ಕಡೆಯಿಂದ ಚಿಪ್ ಹೊಂದಿಸಿಕೊಂಡಿತು. ಬೇರೆ ದಾರಿ ಇಲ್ಲದ ಎರಿಕ್ಸನ್ ಭಾರಿ ನಷ್ಟ ಅನುಭವಿಸಿತು. ಎಲ್ಲ ಸರಕಿಗೂ ಇಬ್ಬರು ಬೇಕಿಲ್ಲ. ಯಾವುದು ನಿಂತರೆ ನಿಮ್ಮ ವ್ಯಾಪಾರವೇ ನಿಲ್ಲುತ್ತದೋ ಅದಕ್ಕೆ ಬೇಕೇಬೇಕು. ಆ ಎರಡನೆಯವರಿಗೆ ಆಗಾಗ ಸಣ್ಣ ಆರ್ಡರ್ ಕೊಡುತ್ತಿರಿ. ಬರೀ ಫೋನ್ ನಂಬರ್ ಇಟ್ಟುಕೊಂಡರೆ ಕಷ್ಟದ ದಿನ ಅವರು ಹಳೆಯ ಗಿರಾಕಿಗಳನ್ನೇ ಮೊದಲು ನೋಡುತ್ತಾರೆ.

ಸಾಗಣೆಗೆ ಅತಿ ಅಗ್ಗದವರನ್ನಲ್ಲ, ಹೇಳಿದ ದಿನ ತಲುಪಿಸುವವರನ್ನು ಹಿಡಿಯಿರಿ. ವಾಪಸ್ ಬಂದ ಮಾಲಿಗೆ ಬೇರೆ ಜಾಗ, ಬೇರೆ ಪುಸ್ತಕ ಇರಲಿ.

ಎಲ್ಲ ಸರಕನ್ನೂ ಒಂದೇ ದಿನ ಈ ಲೆಕ್ಕಕ್ಕೆ ತರಲು ಹೋಗಬೇಡಿ. ಅತಿ ಹೆಚ್ಚು ಹಣ ಓಡಾಡುವ ಹತ್ತು ಸರಕಿನಿಂದ ಶುರು ಮಾಡಿ, ಮೂರು ತಿಂಗಳಿಗೊಮ್ಮೆ ಹೊಸ ತಾರೀಕುಗಳನ್ನು ಹಾಕಿ ಆ 450 ಈಗಲೂ ಸರಿಯೇ ಎಂದು ನೋಡಿ.