ಅಚೆಯ ಹಳ್ಳಿಯಲ್ಲಿ ನೆಂಟರಾಗಿ ಉಳಿಯೋದು ಹೇಗೆ

"ಅಚೆಗೆ ಹೋಗಿ ಬರ್ತೀವಿ" ಅಂದಾಗ ನಮ್ಮತ್ತೆ "ಬಿಸಿಲಿದೆ, ಛತ್ರಿ ತಗೊಳ್ಳಿ" ಅಂದರು. ಅವರ ಪಾಲಿಗೆ ಅದು ಮನೆಯ ಆಚೆ. ನಾವು ಹೊರಟಿದ್ದು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಗೆ. ಆ ಪ್ರಾಂತ್ಯದ ಹೆಸರೇ ಅಚೆ. ರಾಜಧಾನಿ ಬಂದಾ ಅಚೆ.

ನಮ್ಮ ಮಗಳು ಕೌಲಾಲಂಪುರದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಪಕ್ಕದ ಮೇಜಿನ ಹುಡುಗಿ ಅಚೆಯವಳು. ಆ ಹುಡುಗಿಯ ಅಮ್ಮ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ನಾನೂ ನಮ್ಮವರೂ ಅವರ ಮನೆಯಲ್ಲಿ ಎರಡು ಸಲ ಉಳಿದು ಬಂದೆವು. ಹಳ್ಳಿಯ ಹೆಸರು ಬರೆಯೋದಿಲ್ಲ, ಅವರಿಗೆ ಇಷ್ಟವಿಲ್ಲ. ಅಚೆ ಬೆಸಾರ್ ಜಿಲ್ಲೆಯ ಪಶ್ಚಿಮ ಕರಾವಳಿಯ ಕಡೆ, ಗದ್ದೆಗೂ ಸಮುದ್ರಕ್ಕೂ ನಡುವೆ ಇದೆ ಅಂದರೆ ಸಾಕು. ಅಲ್ಲಿ ಹೋಂಸ್ಟೇ ಬೋರ್ಡೂ ಇಲ್ಲ, ನೋಡೋ ಜಾಗಗಳ ಪಟ್ಟಿಯೂ ಇಲ್ಲ. ಹಾಗಾಗಿ ಇದು ಯಾರಾದರೂ ಕರೆದರೆ ಹೋಗುವವರಿಗೆ ಬರೆದದ್ದು. ಕರೆಯೋರು ಯಾರೂ ಇಲ್ಲದಿದ್ದರೆ ಲ್ಹೋಕ್‌ಙಾ ಅಥವಾ ಲಾಂಪುಊಕ್ ಕಡಲತೀರದಲ್ಲಿ ರೂಮು ಮಾಡಿಕೊಂಡು, ಹಗಲಲ್ಲಿ ಹಳ್ಳಿ ಸುತ್ತಿ ಬರಬಹುದು.

ಮೊದಲು ಹೆಸರು ಓದೋದು ಕಲಿಯಿರಿ. ಇದು ಯಾರೂ ಹೇಳಿಕೊಡದ ವಿಷಯ, ಆದರೆ ದಾರಿ ಹುಡುಕುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಹಳ್ಳಿಗೆ ಅಚೆ ಭಾಷೆಯಲ್ಲಿ ಗಂಪೊಂಗ್ ಅನ್ನುತ್ತಾರೆ. ಬ್ಲಾಂಗ್ ಅಂದರೆ ಗದ್ದೆ, ಕ್ರುಂಗ್ ಅಂದರೆ ಹೊಳೆ, ಗ್ಲೆ ಅಂದರೆ ಗುಡ್ಡ, ಅಲು ಅಂದರೆ ತೊರೆ, ಲ್ಹೋಕ್ ಅಂದರೆ ಕೊಲ್ಲಿ, ಪುಕಾನ್ ಅಂದರೆ ಸಂತೆ. ಅಚೆ ಬೆಸಾರ್‌ನಲ್ಲಿ ಎತ್ತ ನೋಡಿದರೂ 'ಲಾಮ್' ಅಂತ ಶುರುವಾಗುವ ಊರು. ಲಾಮ್ ಅಂದರೆ 'ಒಳಗೆ'. ನಮ್ಮಲ್ಲಿ ಹಳ್ಳಿ, ಕೆರೆ, ಗುಡ್ಡೆ ಊರಿನ ಬಾಲಕ್ಕೆ ಅಂಟಿಕೊಂಡರೆ, ಅಲ್ಲಿ ತಲೆಗೆ. ಎರಡನೇ ಸಲ ಹೋಗುವ ಹೊತ್ತಿಗೆ ನಮ್ಮವರು ಬೋರ್ಡು ನೋಡಿಯೇ "ಇಲ್ಲೊಂದು ಹೊಳೆ ಬರಬೇಕು" ಅಂತ ಹೇಳೋ ಮಟ್ಟಕ್ಕೆ ಬಂದಿದ್ದರು. ಬಂದರೆ ಹಿಗ್ಗು, ಬರದಿದ್ದರೆ ನದಿ ಬತ್ತಿದೆ ಅನ್ನೋ ವಾದ.

ತಲುಪುವ ಹೊತ್ತು

ವಿಮಾನ ನಿಲ್ದಾಣ ಬ್ಲಾಂಗ್ ಬಿಂತಾಂಗ್‌ನಲ್ಲಿದೆ. ಸುಲ್ತಾನ್ ಇಸ್ಕಂದರ್ ಮುದಾ ಅಂತ 1607ರಿಂದ 1636ರವರೆಗೆ ಆಳಿದ ದೊರೆಯ ಹೆಸರು ಅದಕ್ಕೆ. ಅಲ್ಲಿಂದ ಕಾರೇ ಸುಲಭ. ಪೇಟೆಯೊಳಗೆ ಬೆಚಾಕ್ ಸಿಗುತ್ತದೆ, ಅಂದರೆ ಬೈಕಿನ ಪಕ್ಕಕ್ಕೆ ಕೂರಿಸಿದ ಗಾಡಿ. ಹಳ್ಳಿ ಕಡೆಗೆ ಹಳೇ ಕಾಲದ ಲಾಬಿ-ಲಾಬಿ ವ್ಯಾನುಗಳು ಈಗ ಕಡಿಮೆ. ಅವನ್ನು ನಂಬಿಕೊಂಡು ಸಾಮಾನು ಹೊತ್ತು ನಿಲ್ಲಬೇಡಿ.

ಯಾವ ಕಾರಣಕ್ಕೂ ಸಂಜೆ ನಮಾಜಿನ ಹೊತ್ತಿಗೆ ಹಳ್ಳಿ ಮುಟ್ಟಬೇಡಿ. ನಾವು ಮೊದಲ ಸಲ ಮಾಡಿದ ತಪ್ಪು ಇದೇ. ಅಚೆ ಇಂಡೋನೇಷ್ಯಾದ ಪಶ್ಚಿಮ ತುದಿ. ಆದರೆ ಗಡಿಯಾರ ದೂರದ ಜಕಾರ್ತಾದ್ದು. ಹಾಗಾಗಿ ಹೊತ್ತು ಮುಳುಗೋದು ತಡ, ವರ್ಷದ ಬಹುಪಾಲು ಆರೂವರೆ ದಾಟುತ್ತದೆ. ಬೆಳಗ್ಗೆಯೂ ಅಷ್ಟೇ, ಆರು ಗಂಟೆಗೆ ಎದ್ದರೆ ಹೊರಗೆ ಕತ್ತಲು. ಆರೂ ಮುಕ್ಕಾಲಿಗೆ ನಾವು ಇಳಿದಾಗ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಗೇಟಿನ ಹೊರಗೆ ಸೂಟ್‌ಕೇಸ್ ಮೇಲೆ ಕೂತು ಕಾದೆವು. ಪ್ರಾರ್ಥನೆ ಮುಗಿಸಿ ಬಂದ ಮನೆಯಾಕೆಗೆ ನಮಗಿಂತ ಜಾಸ್ತಿ ನಾಚಿಕೆ. ನೆಂಟರನ್ನು ಬಾಗಿಲಲ್ಲಿ ಕಾಯಿಸಿದೆನಲ್ಲ ಅಂತ ಆ ರಾತ್ರಿ ಮೂರು ಸಲ ಹೇಳಿದರು. ನಾಲ್ಕು ಗಂಟೆಗೆ ಮುಟ್ಟುವ ಹಾಗೆ ಹೊರಡಿ.

ಶುಕ್ರವಾರ ಮಧ್ಯಾಹ್ನವೂ ಬೇಡ. ಗಂಡಸರೆಲ್ಲ ಮಸೀದಿಯಲ್ಲಿ, ಅಂಗಡಿ ಬಂದ್. ದೋಣಿಗಳೂ ಅವತ್ತು ಕಡಲಿಗೆ ಇಳಿಯೋದಿಲ್ಲ. ಅದನ್ನು ನೋಡಿಕೊಳ್ಳೋಕೆ ಪಂಗ್ಲಿಮಾ ಲಾವೊತ್ ಅಂತ ಕಡಲಿನ ಯಜಮಾನನೇ ಇದ್ದಾನೆ. ಗದ್ದೆಗೆ ಕುಜ್ರುನ್ ಬ್ಲಾಂಗ್. ಯಾರ ಗದ್ದೆಗೆ ಯಾವಾಗ ನೀರು ಬಿಡೋದು ಅಂತ ನೋಡೋನು. ನಮ್ಮ ನೀರುಗಂಟಿ ಅಂದುಕೊಳ್ಳಿ.

ಊರ ಬಾಗಿಲಲ್ಲಿ ಒಂದು ಬೋರ್ಡು ಕಾಣುತ್ತದೆ: '1 x 24 ಜಾಮ್'. ಲೆಕ್ಕದ ಪಾಠ ಅಲ್ಲ. ರಾತ್ರಿ ಉಳಿಯುವ ಹೊರಗಿನವರು 24 ಗಂಟೆಯೊಳಗೆ ಊರಿನ ಮುಖ್ಯಸ್ಥನಿಗೆ ತಿಳಿಸಬೇಕು ಅಂತ ಅರ್ಥ. ಮುಖ್ಯಸ್ಥನಿಗೆ ಕುಚಿಕ್ ಅನ್ನುತ್ತಾರೆ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಜೆರಾಕ್ಸ್ ಎರಡೆರಡು ಇಟ್ಟುಕೊಂಡಿರಿ. ಗಂಡ-ಹೆಂಡತಿ ಆದರೆ ಮದುವೆ ಸರ್ಟಿಫಿಕೇಟಿನ ಫೋಟೋ ಫೋನಲ್ಲಿ ಇರಲಿ. ಅಚೆಯಲ್ಲಿ ಷರಿಯಾ ಕಾನೂನು ಇದೆ. ಮದುವೆಯಾಗದ ಗಂಡು-ಹೆಣ್ಣು ಒಂದೇ ಕೋಣೆಯಲ್ಲಿ ಇರೋದು ಅಪರಾಧ. ನಮ್ಮನ್ನು ಯಾರೂ ಕೇಳಲಿಲ್ಲ, ಬೆಳ್ಳಿ ಕೂದಲು ನೋಡಿ ಬಿಟ್ಟರೋ ಏನೋ. ಮದ್ಯ ಸುತರಾಂ ಬೇಡ. ಹೆಂಗಸರು ಸಡಿಲ ಚೂಡಿದಾರ್ ಹಾಕಿಕೊಂಡರೆ ಸಾಕು. ಮುಸ್ಲಿಮರಲ್ಲದವರು ತಲೆ ಮುಚ್ಚಲೇಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಆದರೂ ಹೆಗಲ ಮೇಲೆ ಒಂದು ದುಪಟ್ಟಾ ಇರಲಿ. ಮಸೀದಿ ಮುಂದೆ ಹಾಯುವಾಗ ತಲೆ ಮೇಲೆ ಎಳೆದುಕೊಂಡರೆ ಅಜ್ಜಿಯರಿಗೆ ಖುಷಿ.

ಮನೆಯೊಳಗೆ

ಹಳೇ ಅಚೆ ಮನೆ ಕಂಬಗಳ ಮೇಲೆ ನಿಂತಿರುತ್ತದೆ. ಮೊಳೆ ಇಲ್ಲ, ಮರದ ಗೂಟ ಮತ್ತು ಬೆಣೆಗಳಿಂದಲೇ ಬಿಗಿದದ್ದು. ಮೆಟ್ಟಿಲ ಸಂಖ್ಯೆ ಬೆಸ. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮುಂದಿನ ಜಗುಲಿ ಬಂದವರಿಗೆ, ಹಿಂದಿನದು ಮನೆಯವರಿಗೆ. ಗಂಡಸರು ಮುಂದೆಯೇ ಕೂರಲಿ. ಒಳಗೆ ಕರೆದರೂ ಒಂದೆರಡು ಸಲ ತಡೆದು ಹೋಗೋದು ಚೆಂದ. ಲಾಂಪಿಸಾಂಗ್‌ನಲ್ಲಿ ಡಚ್ಚರ ವಿರುದ್ಧ ಹೋರಾಡಿದ ಚುತ್ ನ್ಯಾಕ್ ದಿನ್ ಅವರ ಮನೆಯ ನಕಲು ಕಟ್ಟಿದ್ದಾರೆ. ಡಚ್ಚರು ಅಸಲು ಮನೆಯನ್ನು ಸುಟ್ಟಿದ್ದರು. ಅದನ್ನು ಒಂದು ಸಲ ಸುತ್ತಿದರೆ ಈ ಜಗುಲಿಗಳ ಲೆಕ್ಕವೆಲ್ಲ ಅರ್ಥವಾಗುತ್ತದೆ.

ನಾವು ಉಳಿದದ್ದು ಅಂಥ ಮನೆಯಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಕಟ್ಟಿಕೊಟ್ಟ 36 ಚದರ ಮೀಟರಿನ ಮನೆ. ಪುನರ್ವಸತಿಯ ಮನೆಗಳ ಅಳತೆ ಸಾಮಾನ್ಯವಾಗಿ ಅಷ್ಟೇ. ಎಲ್ಲ ಒಂದೇ ಅಚ್ಚು. ಆಮೇಲೆ ಪ್ರತಿಯೊಬ್ಬರೂ ಹಿಂದಕ್ಕೆ ತಗಡು ಇಳಿಸಿ ತಮ್ಮ ತಮ್ಮ ಅಡುಗೆಮನೆ ಮಾಡಿಕೊಂಡಿದ್ದಾರೆ. ನಿಜವಾದ ಮನೆ ಅದೇ. ನನ್ನ ದಿನವೆಲ್ಲ ಅಲ್ಲೇ ಕಳೆಯಿತು. ಹೆಂಡತಿಗೆ ಅಚೆ ಭಾಷೆಯಲ್ಲಿ 'ಪೊ ರುಮೊ' ಅನ್ನುತ್ತಾರೆ, ಮನೆಯ ಒಡತಿ ಅಂತ. ಮದುವೆಯಾದ ಮೇಲೆ ಗಂಡು ಹೆಣ್ಣಿನ ಮನೆಗೆ ಬರೋದು ಅಲ್ಲಿನ ಪದ್ಧತಿ. ಇದನ್ನು ಕೇಳಿದ ಮೇಲೆ ನಮ್ಮವರು ಎರಡು ದಿನ ಹುಷಾರಾಗಿದ್ದರು.

ಸ್ನಾನದ ಕೋಣೆಯಲ್ಲಿ ನೀರು ತುಂಬಿದ ಸಣ್ಣ ತೊಟ್ಟಿ ಇರುತ್ತದೆ. ಅದರೊಳಗೆ ಇಳಿಯಬೇಡಿ, ಚೊಂಬಿನಲ್ಲಿ ಮೊಗೆದು ಹುಯ್ಕೊಳ್ಳಿ. ನಮಗೆ ಹೇಳಿಕೊಡಬೇಕಾದ್ದಿಲ್ಲ.

ಕರೆಯೋದು ಹೇಗೆ? ನನ್ನ ವಯಸ್ಸಿನವರನ್ನು ಕಾಕ್ ಅಂದೆ, ಅಕ್ಕ ಅಂತ. ಅವರೂ ನನ್ನನ್ನು ಕಾಕ್ ಅಂದರು. ಅಣ್ಣನಿಗೆ ಬಾಂಗ್, ಅಜ್ಜಿಗೆ ನೆಕ್. ದಾರಿಯಲ್ಲಿ ಯಾರೇ ಸಿಗಲಿ "ಪಿಯೋ" ಅನ್ನುತ್ತಾರೆ, ಬನ್ನಿ ಕೂತು ಹೋಗಿ ಅಂತ. "ಕಾ ಪಾಜೋ ಬು?" ಅಂದರೆ ಊಟ ಆಯ್ತಾ. ಆಗಿದೆ ಅಂದರೂ ತಟ್ಟೆ ಬರುತ್ತದೆ. ಇದೆಲ್ಲ ನಮಗೆ ಹೊಸದಲ್ಲ ಅಲ್ವಾ?

ಒಳಗೆ ಕೂತ ಮೇಲೆ ಎಲೆ ಅಡಿಕೆ ಬಂದರೆ ಬೇಡ ಅನ್ನಬೇಡಿ. ಎಲೆಗೆ ರಾನುಪ್, ಅಡಿಕೆಗೆ ಪಿನಂಗ್. ಹಾಕಿಕೊಳ್ಳೋ ಅಭ್ಯಾಸ ಇಲ್ಲದಿದ್ದರೆ ಮುಟ್ಟಿ ಕೈಯಲ್ಲಿ ಹಿಡಿದುಕೊಂಡರೂ ಆಯ್ತು. ಎರಡನೇ ಸಲ ಹೋದಾಗ ಬೀದಿಯ ಹಿರಿಯಾಕೆ ನಮಗೆ ಪುಸಿಜುಕ್ ಮಾಡಿದರು. ಅಂದರೆ 'ತಂಪು ಮಾಡೋದು'. ಎಲೆಗಳ ಕಟ್ಟನ್ನು ನೀರಿಗೆ ಅದ್ದಿ ಕೈಮೇಲೆ ಚಿಮುಕಿಸಿದರು. ಅಕ್ಕಿ-ಭತ್ತ ಎರಚಿದರು. ಅಂಟಕ್ಕಿಯ ಅನ್ನದ ಒಂದು ಚಿಟಿಕೆಯನ್ನು ಕಿವಿಯ ಹಿಂದೆ ಇಟ್ಟರು. ನನಗೆ ಅಕ್ಷತೆ ನೆನಪಾಗಿ ತಲೆ ತಾನಾಗಿ ಬಗ್ಗಿತು. ಅಲ್ಲಿ ಮಾಡಬೇಕಾದ್ದೂ ಅಷ್ಟೇ. ಫೋನ್ ಎತ್ತಿ ವಿಡಿಯೋ ಮಾಡೋಕೆ ಹೋಗಬೇಡಿ.

ಊಟದ ಪ್ರಶ್ನೆ

ಮಾಂಸ ತಿನ್ನೋರಿಗೆ ಈ ಭಾಗ ಬೇಕಿಲ್ಲ. ನಮ್ಮಂಥವರಿಗೆ ಇದೇ ಮುಖ್ಯ. "ದಾಗಿಂಗ್ ತಿನ್ನಲ್ಲ" ಅಂದರೆ ಕೆಂಪು ಮಾಂಸ ತಿನ್ನಲ್ಲ ಅಂತ ಮಾತ್ರ ಅರ್ಥ, ಮೀನು ಬರುತ್ತದೆ. ಹಾಗಾಗಿ ಒಂದೊಂದನ್ನೂ ಎಣಿಸಿ ಹೇಳಬೇಕು: ದಾಗಿಂಗ್, ಆಯಾಮ್ (ಕೋಳಿ), ಇಕಾನ್ (ಮೀನು), ಉದಾಂಗ್ (ಸಿಗಡಿ). ಬರೆದು ಇಟ್ಟುಕೊಳ್ಳಿ. ಹಬ್ಬದೂಟದ ಕುವಾ ಪ್ಲಿಕ್ ಉ ನೋಡಿದರೆ ನಮ್ಮ ಕೂಟಿನ ಹಾಗೇ ಇದೆ. ಎಳೆ ಹಲಸು, ಅಲಸಂದೆ, ಹತ್ತಾರು ಸೊಪ್ಪು, ಹುಳಿ ಬರಿಸಿ ಎಣ್ಣೆ ತೆಗೆದು ಒಣಗಿಸಿದ ತೆಂಗಿನಕಾಯಿ. ಆದರೆ ಸಿಗಡಿಯೋ ಹೊಳೆಯ ಬಸವನಹುಳುವೋ ಅಡಿಯಲ್ಲಿ ಇರಬಹುದು. ಕೇಳಿಯೇ ಬಡಿಸಿಕೊಳ್ಳಿ. ನನ್ನ ಕಾಕ್, ಅಂದರೆ ಮನೆಯಾಕೆ, ಮರುದಿನದಿಂದ ನಮಗೆ ಅಂತ ಬೇರೆ ಬಾಣಲೆಯಲ್ಲಿ ತೆಂಪೆ (ಹುಳಿ ಬರಿಸಿದ ಸೋಯಾ ಕಾಳಿನ ಬಿಲ್ಲೆ) ಹುರಿದರು, ಮೇಲೆ ಒಂದು ಹಿಡಿ ಕರಿಬೇವು. ಹೌದು, ಕರಿಬೇವೇ. ಹಿತ್ತಲಲ್ಲೇ ಮರ ಇತ್ತು. ಅದನ್ನು ಕೋಳಿಯ ಜೊತೆ ಗರಿಗರಿ ಕರಿದು ರಾಶಿ ಹಾಕಿ ಕೊಡೋದು ಅಲ್ಲಿನ ಹೆಸರುವಾಸಿ ಅಡುಗೆ.

ರಂಜಾನ್ ಶುರುವಾಗುವ ಮುನ್ನ ಮತ್ತು ಎರಡು ಈದ್‌ಗಳ ಮುನ್ನ ಮುಗಾಂಗ್ ಬರುತ್ತದೆ. ಅವತ್ತು ಬಡವರೂ ಸಾಹುಕಾರರೂ ಮನೆಗೆ ದನದ್ದೋ ಎಮ್ಮೆಯದ್ದೋ ಮಾಂಸ ತರುತ್ತಾರೆ. ಹೊಸ ಅಳಿಯ ಬರಿಗೈಲಿ ಬಂದರೆ ಊರೆಲ್ಲ ಮಾತು. ನಾವು ತಿಳಿಯದೆ ಆ ದಿನವೇ ಹೋಗಿ ಬಿದ್ದೆವು. ಒಪ್ಪಿಕೊಳ್ಳುತ್ತೇನೆ, ಆ ವಾಸನೆಗೆ ನನಗೆ ಕಷ್ಟವಾಯಿತು. ತೊಗಲು ಮೂಗಿನವರಲ್ಲದಿದ್ದರೆ ತಾರೀಕು ನೋಡಿಕೊಂಡು ಹೋಗಿ. ರಂಜಾನ್ ಹಗಲಲ್ಲಂತೂ ಹೊರಗೆ ನೀರೂ ಕುಡಿಯಬೇಡಿ.

ನಾನು ನಿಜವಾಗಿ ಕಲಿತು ಬಂದದ್ದು ಆಸಾಮ್ ಸುಂತಿ. ಅವರ ಬೋ ಲಿಮೆಂಗ್ ಅಂದರೆ ಕರಾವಳಿಯ ಬಿಂಬುಳಿ, ಮರದ ಕಾಂಡಕ್ಕೇ ಗೊಂಚಲು ಕಚ್ಚುವ ಆ ಹಸಿರು ಹುಳಿಕಾಯಿ. ಹಣ್ಣಾಗಿ ಉದುರಿದ್ದನ್ನು ಕಾಕ್ ಬೆಳಗ್ಗೆ ಆಯ್ದು, ತೊಟ್ಟಿಯ ಪಕ್ಕದ ತಗಡಿನ ಮೇಲೆ ಹರವುತ್ತಿದ್ದರು. ಒಂದೆರಡು ಬಿಸಿಲಿಗೆ ಅದು ಸುಕ್ಕುತ್ತದೆ. ಆಗ ಉಪ್ಪು ಹಾಕಿ ಕೈಯಲ್ಲಿ ಮೆಲ್ಲಗೆ ಹೊರಳಿಸಿ, ಮಡಕೆಯಲ್ಲಿ ರಾತ್ರಿಯಿಡೀ ಇಡೋದು. ಬೆಳಗ್ಗೆ ನೀರು ಬಸಿದು ಮತ್ತೆ ಬಿಸಿಲು, ಮತ್ತೆ ಉಪ್ಪು. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕಂದು. ಕೊನೆಗೆ ಒಣ ಖರ್ಜೂರದ ಹಾಗೆ ಮೆತ್ತಗೆ, ಬೆರಳಿಗೆ ಜಿಗುಟು. ಮೋಡ ಬಂದರೆ ಕಾಕ್ ಮಾತಿನ ನಡುವೆಯೇ ಎದ್ದು ಓಡುತ್ತಿದ್ದರು, ಹಪ್ಪಳ ಒಣಗಿಸುವ ಅತ್ತೆಯ ಹಾಗೆ. ಅದನ್ನು ಮೆಣಸು, ಅರಿಶಿನ, ಈರುಳ್ಳಿ ಜೊತೆ ಅರೆದು ಮೀನಿನ ಸಾರಿಗೆ ಹಾಕುತ್ತಾರೆ. ನಾನು ಮನೆಯಲ್ಲಿ ಬದನೆಕಾಯಿ ಗೊಜ್ಜಿಗೆ ಹಾಕಿದೆ. ಹುಣಸೆಗಿಂತ ಸ್ವಲ್ಪ ಹುಷಾರಾಗಿ ಹಾಕಿ, ಉಪ್ಪು ಅದರಲ್ಲೇ ಇರುತ್ತದೆ.

ನಮ್ಮವರ ದಿನ ಕುದೆ ಕುಪಿಯಲ್ಲಿ ಕಳೆಯಿತು, ಕಾಫಿ ಅಂಗಡಿಯಲ್ಲಿ. ಹಳ್ಳಿಯಲ್ಲಿ ಅದು ಗಂಡಸರ ಜಾಗ. ಉದ್ದನೆ ಬಟ್ಟೆಯ ಸೋಸುಚೀಲವನ್ನು ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯ ಪಾತ್ರೆಗೆ ಕರಿ ಧಾರೆ ಇಳಿಸುತ್ತಾರೆ. ಕೇಳದೇನೇ ತಿಂಡಿ ತಟ್ಟೆಗಳು ಮೇಜಿಗೆ ಬರುತ್ತವೆ. ಗಾಬರಿ ಬೇಡ, ಎಷ್ಟು ತಿಂದಿರೋ ಅಷ್ಟಕ್ಕೇ ದುಡ್ಡು. ಬಾಳೆ ಎಲೆಯಲ್ಲಿ ಸುತ್ತಿ ಸುಟ್ಟ ಅಂಟಕ್ಕಿಯ ಪುಲುತ್ ತಿನ್ನಿ. ಅಲ್ಲಿ ಬೇರೆಯವರು ನಿಮ್ಮ ಬಿಲ್ಲು ಕೊಟ್ಟುಬಿಟ್ಟಿರುತ್ತಾರೆ. ಜಗಳ ಆಡಬೇಡಿ, ನಾಳೆ ನೀವು ಅವರಿಗಿಂತ ಮೊದಲು ಎದ್ದು ಕೊಡಿ.

ಸುನಾಮಿಯ ಮಾತು ನೀವಾಗಿ ಎತ್ತಬೇಡಿ. ಪಕ್ಕದ ಲಾಂಪುಊಕ್‌ನಲ್ಲಿ ಮಸೀದಿಯೊಂದು ಬಿಟ್ಟು ಸುತ್ತಲಿನ ಕಟ್ಟಡಗಳೆಲ್ಲ ನೆಲಸಮವಾಗಿದ್ದವು. ವಿಮಾನ ನಿಲ್ದಾಣದ ಕಡೆಯ ಸಿರೋನ್‌ನಲ್ಲಿ ಸುಮಾರು 46 ಸಾವಿರ ಜನರನ್ನು ಒಟ್ಟಿಗೆ ಮಣ್ಣು ಮಾಡಿದ ಹುಲ್ಲು ಬಯಲಿದೆ. ಅದರ ಜೊತೆಗೆ 1976ರಿಂದ 2005ರ ಆಗಸ್ಟ್ ಒಪ್ಪಂದದವರೆಗೆ ಪ್ರತ್ಯೇಕ ಅಚೆ ಬೇಕೆಂದ ಬಂಡುಕೋರರಿಗೂ ಸರ್ಕಾರಕ್ಕೂ ಕಾಳಗ. ಐವತ್ತು ದಾಟಿದ ಪ್ರತಿಯೊಬ್ಬರೂ ಎರಡನ್ನೂ ಕಂಡವರು. ಕಾಕ್ ನನಗೆ ಹೇಳಿದ್ದು ನಾಲ್ಕನೇ ದಿನ, ಸೊಪ್ಪು ಬಿಡಿಸುತ್ತಾ, ಎರಡೇ ವಾಕ್ಯ. ನಾನು ಸೊಪ್ಪು ಬಿಡಿಸೋದು ನಿಲ್ಲಿಸಲಿಲ್ಲ. ಅದೇ ಸರಿ ಅನ್ನಿಸಿತು.

ಹೊರಡುವಾಗ

ದುಡ್ಡು ಕೊಡಬೇಡಿ. ಮೊದಲ ಸಲ ಹೊರಡುವ ಬೆಳಗ್ಗೆ ನಾನು ಲಕೋಟೆಯಲ್ಲಿ 10 ಲಕ್ಷ ರುಪಿಯಾ ಹಾಕಿ ಕಾಕ್ ಕೈಗೆ ಇಡೋಕೆ ಹೋದೆ. ಕೇಳೋಕೆ ಹೆಚ್ಚು, ನಮ್ಮ ಲೆಕ್ಕದಲ್ಲಿ ಐದು ಸಾವಿರ ಚಿಲ್ಲರೆ ರೂಪಾಯಿ. ಅವರು ಲಕೋಟೆ ನೋಡಿದರು, ನನ್ನನ್ನು ನೋಡಿದರು, ಕೈ ಹಿಂದಕ್ಕೆ ಕಟ್ಟಿಕೊಂಡರು. 'ಪುಮುಲಿಯಾ ಜಾಮೆ ಅದತ್ ಗುತಾನ್ಯೋ' ಅಂತ ಅಲ್ಲೊಂದು ಮಾತಿದೆ. ನೆಂಟರನ್ನು ಆದರಿಸೋದು ನಮ್ಮ ಸಂಪ್ರದಾಯ ಅಂತ. ಅದಕ್ಕೆ ನಾನು ಬೆಲೆ ಕಟ್ಟಿದ ಹಾಗಾಯಿತು. ಎರಡನೇ ಸಲ ಬುದ್ಧಿ ಬಂದಿತ್ತು. ಹೋಗುವಾಗಲೇ ಎರಡು ಕಿಲೋ ಸಕ್ಕರೆ, ಒಳ್ಳೆ ಚಹಾ ಪುಡಿ, ಅವರಿಗೊಂದು ಹತ್ತಿ ಸೀರೆ ಒಯ್ದೆ. ಸೀರೆಯನ್ನು ಅವರು ಉಡಲಿಲ್ಲ, ಕತ್ತರಿಸಿ ಎರಡು ನಿಲುವಂಗಿ ಹೊಲಿಸಿಕೊಂಡರು. ಒಂದನ್ನು ಮಗಳಿಗೆ ಕಳಿಸಿದ್ದಾರೆ. ಸಿಹಿ ಒಯ್ಯೋದಾದರೆ ಡಬ್ಬಿಯ ಮೇಲೆ ಏನೇನಿದೆ ಅಂತ ಬರೆದಿರೋದನ್ನೇ ಒಯ್ಯಿರಿ, ಜೆಲಾಟಿನ್ ಇರೋದು ಬೇಡ. ಬೀದಿಯ ಮಕ್ಕಳಿಗೆ ಈದ್ ಹೊತ್ತಲ್ಲಿ ಹೊಸ ನೋಟು ಕೊಟ್ಟರೆ ಮಾತ್ರ ಯಾರೂ ಬೇಡ ಅನ್ನೋದಿಲ್ಲ.

ಹೊರಡುವ ಮಾತು "ಲೋನ್ ವೊ ದಿಲೆ". ನಾನು ಸದ್ಯಕ್ಕೆ ಮನೆಗೆ ಹೋಗ್ತೀನಿ ಅಂತ. ಹೇಳಿದ ಮೇಲೂ ಅರ್ಧ ಗಂಟೆ ಹಿಡಿಯುತ್ತದೆ, ಕಾರಿನವರಿಗೆ ಮೊದಲೇ ಹೇಳಿಡಿ. ಕೈಗೆ ಏನಾದರೂ ಕಟ್ಟಿ ಕೊಟ್ಟೇ ಕೊಡುತ್ತಾರೆ. ನಮಗೆ ಆಸಾಮ್ ಸುಂತಿಯ ಪೊಟ್ಟಣ ಮತ್ತು ಅಕ್ಕಿಹಿಟ್ಟಿನ ಜಾಲರಿ ತಿಂಡಿ ಕುಕಾರಾ ಬಂತು. ಕುಕಾರಾವನ್ನು ಕೈಚೀಲದಲ್ಲಿ ಇಡಿ, ಪೆಟ್ಟಿಗೆಗೆ ಹಾಕಿದರೆ ಪುಡಿ. ಸುಂತಿಯನ್ನು ಎರಡು ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಡಬ್ಬಿಗೆ ಹಾಕಿ. ನನ್ನದು ಸೋರಿ, ನಮ್ಮವರ ಒಂದೇ ಒಂದು ಬಿಳಿ ಷರಟಿಗೆ ಉಪ್ಪು ಹುಳಿ ಹಿಡಿಯಿತು.