ಸುಣ್ಣಕಲ್ಲಿನ ಕಮರಿಯಲ್ಲಿ ಚಾರಣ: ಮೊದಲು ನೀರಿನ ಲೆಕ್ಕ

ಸುಣ್ಣಕಲ್ಲಿನ ಕಮರಿಯನ್ನು ಕೊರೆದದ್ದು ನೀರು. ಮಳೆನೀರು ಗಾಳಿ, ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ, ಕಲ್ಲನ್ನು ಕರಗಿಸುತ್ತದೆ. ಈ ಕೆಲಸ ಇನ್ನೂ ಮುಗಿದಿಲ್ಲ. ಹಾಗಾಗಿ ದಾರಿಗಿಂತ ಜಾಸ್ತಿ ನೀರಿನ ಮೇಲೆ ಕಣ್ಣಿರಲಿ.

ಹೊರಡುವ ಮುಂಚೆ ಹವಾಮಾನ ವರದಿ ನೋಡಿ. ನೀವು ನಡೆಯುವ ಜಾಗದ್ದಷ್ಟೇ ಸಾಲದು, ಹೊಳೆ ಹರಿದು ಬರುವ ಮೇಲ್ಗಡೆಯದ್ದೂ ಬೇಕು. ತಲೆ ಮೇಲೆ ಬಿಸಿಲಿದ್ದರೂ ದೂರದ ಮಳೆ ಪ್ರವಾಹ ತರಬಲ್ಲದು. 2008ರ ಆಗಸ್ಟ್‌ನಲ್ಲಿ ಅಮೆರಿಕದ ಹವಾಸು ಕಮರಿಯಲ್ಲಿ ಪ್ರವಾಹ ಬಂದಾಗ ಹೊಳೆ ಪಾತ್ರವನ್ನೇ ಬದಲಿಸಿತು, ಒಂದು ಜಲಪಾತ ಒಣಗಿಹೋಯಿತು. ಮೇಲೆ ಅಣೆಕಟ್ಟು ಇದೆಯೇ ಎಂದೂ ವಿಚಾರಿಸಿ. ಫ್ರಾನ್ಸ್‌ನ ವೆರ್ದೋನ್ ಕಮರಿಯಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ.

ಹಿಡಿತ ಚೆನ್ನಾಗಿರುವ, ಒಳಗೆ ಸೇರಿದ ನೀರು ಸೋರಿಹೋಗುವ ಶೂ ಹಾಕಿ. ನೀರು ತಿಕ್ಕಿ ನುಣುಪಾದ ಸುಣ್ಣಕಲ್ಲು ಒದ್ದೆಯಾದರೆ ಸೋಪಿನಂತೆ ಜಾರುತ್ತದೆ.

ಹೊಳೆ ದಾಟುವಾಗ ಆತುರ ಬೇಡ. ಕಿರಿದಾದ ಜಾಗ ಸುಲಭ ಅನ್ನಿಸುತ್ತದೆ, ಅಲ್ವಾ? ಅಲ್ಲಿಯೇ ಆಳವೂ ಸೆಳೆತವೂ ಜಾಸ್ತಿ. ಅಗಲವಾಗಿ, ತೆಳುವಾಗಿ ಹರಿಯುವ ಕಡೆ ಹುಡುಕಿ. ಬ್ಯಾಗಿನ ಸೊಂಟದ ಬೆಲ್ಟ್, ಎದೆಪಟ್ಟಿ ಬಿಚ್ಚಿಕೊಳ್ಳಿ. ಬಿದ್ದರೆ ಬ್ಯಾಗ್ ಕಳಚಿ ಹಾಕಬಹುದು. ಮೇಲ್ಗಡೆಗೆ ಮುಖ ಮಾಡಿ, ಕೋಲು ಊರಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲೆ ಇನ್ನೊಂದನ್ನು ಎತ್ತಿ. ಕೆಳಗಡೆ ಹತ್ತಿರದಲ್ಲಿ ಜಲಪಾತವಿದ್ದರೆ ದಾಟಲೇಬೇಡಿ.

ಜಲಪಾತದ ಬುಡದಲ್ಲಿ ಸುಳಿ ಒಳಕ್ಕೆಳೆಯುತ್ತದೆ. ಮೇಲಿಂದ ಜಿಗಿಯುವ ಚಪಲ ಬಿಟ್ಟುಬಿಡಿ, ಕೆಳಗಿನ ಬಂಡೆ ನೊರೆಯಲ್ಲಿ ಕಾಣುವುದಿಲ್ಲ. ನೀರು ಚಿಮ್ಮಿ ಇಂಗಾಲದ ಡೈಆಕ್ಸೈಡ್ ಹೊರಬಿದ್ದಾಗ, ಕರಗಿದ್ದ ಸುಣ್ಣ ಮತ್ತೆ ಗಟ್ಟಿಯಾಗಿ ಅಂಚು ಕಟ್ಟುತ್ತದೆ. ನೋಡಲು ಕಲ್ಲು, ಆದರೆ ತುಳಿದರೆ ಒಡೆಯಬಹುದು. ಕ್ರೊಯೇಷಿಯಾದ ಪ್ಲಿಟ್ವಿಟ್ಸೆ ಸರೋವರಗಳಲ್ಲಿ ಈಜುವುದಕ್ಕೇ ನಿಷೇಧವಿದೆ.

ನೀಲಿ ನೀರೆಂದು ಸುಮ್ನೆ ಬೊಗಸೆಯೊಡ್ಡಿ ಕುಡಿಯಬೇಡಿ. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಸೋಸದೇ ಓಡಿ ಬರುತ್ತದೆ. ಕುದಿಸಿ ಇಲ್ಲವೇ ಫಿಲ್ಟರ್ ಮಾಡಿ.

ನಡೆಯುತ್ತಾ ಮೇಲೆ ಹತ್ತಬಹುದಾದ ಜಾಗಗಳನ್ನು ಗುರುತಿಟ್ಟುಕೊಳ್ಳಿ. ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಮೊರೆತ ಹೆಚ್ಚಿದರೆ ಬ್ಯಾಗ್ ಹೋದರೂ ಹೋಗಲಿ, ಕೂಡಲೇ ಎತ್ತರಕ್ಕೆ ಹತ್ತಿ. ನೀರಿನ ಜೊತೆ ಕೆಳಕ್ಕೆ ಓಡಬೇಡಿ. ರಾತ್ರಿಯಾದರೂ ಸರಿ, ಹೊಳೆ ಇಳಿಯುವವರೆಗೆ ಅಲ್ಲೇ ಕೂತಿರಿ.